ಮೂರು ದಿನದ ರಜೆಯಲ್ಲಿ ಉಲುರು: ಟಿಕೆಟ್ಟಿನಿಂದ ಪ್ರದಕ್ಷಿಣೆಯವರೆಗೆ

ಆಸ್ಟ್ರೇಲಿಯಾದ ನಟ್ಟನಡುವೆ, ಕೆಂಪು ಮರಳಿನ ಬಯಲಿನಿಂದ 348 ಮೀಟರ್ ಎತ್ತರಕ್ಕೆ ಎದ್ದು ನಿಂತಿರುವ ಉಲುರು ಬಂಡೆಯನ್ನು ನೋಡಿ ಬರಲು ಶನಿವಾರ, ಭಾನುವಾರ, ಸೋಮವಾರದ ರಜೆ ಸಾಕೇ ಎಂದು ಸಿಡ್ನಿ, ಮೆಲ್ಬರ್ನ್ ಕಡೆಯ ಕನ್ನಡದ ಗೆಳೆಯರು ಆಗಾಗ ಕೇಳುತ್ತಾರೆ. ಸಾಕು, ಆದರೆ ಎರಡು ಷರತ್ತುಗಳಿವೆ. ಆ ಮೂರು ದಿನಗಳಲ್ಲಿ ಉಲುರು ಮತ್ತು ಅದರ ನೆರೆಯ ಕಾಟಾ ಜುಟಾ ಎಂಬ ಬಂಡೆ ಗುಮ್ಮಟಗಳ ಗುಂಪನ್ನು ಬಿಟ್ಟು ಬೇರೆ ಯಾವ ಜಾಗವನ್ನೂ ತುರುಕಬಾರದು, ಮತ್ತು ನಡೆಯುವ ಕೆಲಸವನ್ನೆಲ್ಲ ಬೆಳಗಿನ ಹೊತ್ತಿಗೇ ಮುಗಿಸಿಕೊಳ್ಳಬೇಕು. ನಾನು ಅಲ್ಲಿಗೆ ಎರಡು ಬಾರಿ ಹೋಗಿದ್ದೇನೆ. ಮೊದಲ ಬಾರಿ ಜನವರಿಯ ಬೇಸಿಗೆಯಲ್ಲಿ ಈ ಎರಡೂ ಷರತ್ತುಗಳನ್ನು ಮುರಿದು ಪೆಚ್ಚಾಗಿ ಬಂದೆ. ಎರಡನೆಯ ಬಾರಿ ಜೂನ್ ತಿಂಗಳಲ್ಲಿ, ಊರಿನಿಂದ ಬಂದಿದ್ದ ಅಮ್ಮನನ್ನು ಕರೆದುಕೊಂಡು ಹೋದಾಗ ಎಲ್ಲವೂ ಸರಾಗವಾಗಿ ನಡೆಯಿತು. ಕೆಳಗಿನ ಕ್ರಮ ಆ ಎರಡನೆಯ ಪ್ರವಾಸದ್ದು.

ಮೊದಲ ಹೆಜ್ಜೆ: ಯಾವ ರಜೆಯಲ್ಲಿ ಹೋಗಬೇಕು

ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಮತ್ತು ಸೌತ್ ಆಸ್ಟ್ರೇಲಿಯಾಗಳಲ್ಲಿ ಜೂನ್ ತಿಂಗಳ ಎರಡನೆಯ ಸೋಮವಾರ ರಾಜನ ಹುಟ್ಟುಹಬ್ಬದ ರಜೆ ಇರುತ್ತದೆ. ನನ್ನ ಮಟ್ಟಿಗೆ ಉಲುರುವಿಗೆ ಇದಕ್ಕಿಂತ ಒಳ್ಳೆಯ ವಾರಾಂತ್ಯವಿಲ್ಲ. ಆಗ ಹಗಲಿನ ಉಷ್ಣಾಂಶ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ನೊಣಗಳ ಕಾಟ ಬಹುಪಾಲು ಇಳಿದಿರುತ್ತದೆ, ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ರಾತ್ರಿಯ ಚಳಿ ಮಾತ್ರ ಮೋಸದ್ದು. ಮರುಭೂಮಿ ಎಂದರೆ ಸೆಕೆ ಎಂದುಕೊಂಡು ತೆಳ್ಳನೆಯ ಬಟ್ಟೆಯಲ್ಲಿ ಹೊರಟವರು ಸೊನ್ನೆಯ ಹತ್ತಿರಕ್ಕೆ ಇಳಿಯುವ ಬೆಳಗಿನ ಜಾವದಲ್ಲಿ ನಡುಗುತ್ತ ನಿಲ್ಲಬೇಕಾಗುತ್ತದೆ.

ಈಸ್ಟರ್ ರಜೆ ಮತ್ತು ಅಕ್ಟೋಬರ್ ಮೊದಲ ವಾರವೂ ನಡೆದೀತು, ಆದರೆ ಬಿಸಿಲು ಹೆಚ್ಚು. ಜನವರಿಯಲ್ಲಿ ಸರಾಸರಿ ಗರಿಷ್ಠ ಉಷ್ಣಾಂಶವೇ 38 ಡಿಗ್ರಿಯ ಸುತ್ತಮುತ್ತ ಇರುವುದರಿಂದ, ಬೇಸಿಗೆಯ ರಜೆಯಲ್ಲಿ ಚಿಕ್ಕ ಮಕ್ಕಳನ್ನೋ ವಯಸ್ಸಾದವರನ್ನೋ ಕರೆದುಕೊಂಡು ಹೋಗುವ ಯೋಚನೆಯನ್ನು ಕೈಬಿಡುವುದೇ ಲೇಸು.

ಎರಡನೆಯ ಹೆಜ್ಜೆ: ವಿಮಾನ, ಕೊಠಡಿ, ಕಾರು, ಇದೇ ಕ್ರಮದಲ್ಲಿ

ನಕ್ಷೆಯಲ್ಲಿ ನೋಡಿದವರಿಗೆ ಆಲಿಸ್ ಸ್ಪ್ರಿಂಗ್ಸ್ ಪಟ್ಟಣ ಉಲುರುವಿನ ಮಗ್ಗುಲಲ್ಲೇ ಇದ್ದಂತೆ ಕಾಣುತ್ತದೆ. ವಾಸ್ತವದಲ್ಲಿ ಅವೆರಡರ ನಡುವಿನ ರಸ್ತೆ ಸುಮಾರು 450 ಕಿಲೋಮೀಟರ್. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವುದಕ್ಕಿಂತ ಹೆಚ್ಚು, ಅದೂ ನಡುವೆ ಬೆರಳೆಣಿಕೆಯ ಪೆಟ್ರೋಲ್ ಬಂಕುಗಳನ್ನು ಬಿಟ್ಟರೆ ಏನೂ ಇಲ್ಲದ ದಾರಿ. ವಿಮಾನದ ಟಿಕೆಟ್ ಅಗ್ಗ ಎಂಬ ಕಾರಣಕ್ಕೆ ಆಲಿಸ್ ಸ್ಪ್ರಿಂಗ್ಸ್‌ಗೆ ಹಾರಿದರೆ ಮೂರು ದಿನದಲ್ಲಿ ಹೋಗಿ ಬರುವ ದಾರಿಗೇ ಹೆಚ್ಚೂಕಡಿಮೆ ಒಂದು ಇಡೀ ಹಗಲು ಕಳೆದುಹೋಗುತ್ತದೆ. ಆದ್ದರಿಂದ ಏಯರ್ಸ್ ರಾಕ್ ವಿಮಾನ ನಿಲ್ದಾಣಕ್ಕೆ ನೇರವಾಗಿ ಹೋಗುವ ವಿಮಾನವನ್ನೇ ಹುಡುಕಿ. ಸಿಡ್ನಿ, ಮೆಲ್ಬರ್ನ್‌ಗಳಿಂದ ಇದು ಮೂರರಿಂದ ಮೂರೂವರೆ ಗಂಟೆಯ ಪ್ರಯಾಣ. ಶನಿವಾರ ಆದಷ್ಟು ಬೇಗ ಇಳಿಯುವ, ಸೋಮವಾರ ಆದಷ್ಟು ತಡವಾಗಿ ಏರುವ ವಿಮಾನಗಳನ್ನು ಆರಿಸಿಕೊಂಡರೆ ಎರಡು ಸೂರ್ಯೋದಯ, ಎರಡು ಸೂರ್ಯಾಸ್ತ ನಿಮ್ಮ ಪಾಲಿಗೆ ಸಿಗುತ್ತವೆ. ಇಡೀ ಪ್ರವಾಸ ನಿಂತಿರುವುದು ಈ ನಾಲ್ಕು ಹೊತ್ತುಗಳ ಮೇಲೆ.

ಏಯರ್ಸ್ ರಾಕ್ ಎಂಬುದು 1873ರಲ್ಲಿ ವಿಲಿಯಂ ಗಾಸ್ ಎಂಬ ಭೂಮಾಪಕ, ಆಗಿನ ಸೌತ್ ಆಸ್ಟ್ರೇಲಿಯಾದ ಮುಖ್ಯ ಕಾರ್ಯದರ್ಶಿ ಹೆನ್ರಿ ಏಯರ್ಸ್ ಅವರ ಗೌರವಕ್ಕೆ ಇಟ್ಟ ಹೆಸರು. ವಿಮಾನ ನಿಲ್ದಾಣಕ್ಕೆ ಆ ಹೆಸರು ಉಳಿದುಕೊಂಡಿದೆ. ಬಂಡೆಗೆ ಈ ನೆಲದ ಮೂಲನಿವಾಸಿಗಳಾದ ಅನಂಗು ಜನರ ಹೆಸರೇ ಉಲುರು.

ರಾಷ್ಟ್ರೀಯ ಉದ್ಯಾನದೊಳಗೆ ಸ್ವಂತವಾಗಿ ಬಂದ ಪ್ರವಾಸಿಗರಿಗೆ ತಂಗಲು ಅವಕಾಶವಿಲ್ಲ, ಡೇರೆ ಹಾಕುವಂತೆಯೂ ಇಲ್ಲ. ಉಳಿದುಕೊಳ್ಳುವುದೆಲ್ಲ ಬಂಡೆಯಿಂದ ಸುಮಾರು 20 ಕಿಲೋಮೀಟರ್ ದೂರದ ಯುಲಾರಾ ಎಂಬ ಪುಟ್ಟ ಊರಿನಲ್ಲಿ. ಐಷಾರಾಮಿ ಹೋಟೆಲಿನಿಂದ ಹಿಡಿದು ಡೇರೆ ಹಾಕುವ ಮೈದಾನದವರೆಗೆ ಎಲ್ಲ ದರ್ಜೆಯ ವಸತಿಯೂ ಅಲ್ಲಿದೆ, ಆದರೆ ಬೇರೆ ಊರಿನಲ್ಲಿರುವಂತೆ ಪಕ್ಕದ ಬೀದಿಯಲ್ಲಿ ಅಗ್ಗದ ಕೊಠಡಿ ಹುಡುಕುವ ಆಸೆಗೆ ಅವಕಾಶವಿಲ್ಲ, ಏಕೆಂದರೆ ಪಕ್ಕದ ಬೀದಿಯೇ ಇಲ್ಲ. ಮೂರು ನಾಲ್ಕು ತಿಂಗಳು ಮೊದಲೇ ಕಾಯ್ದಿರಿಸಿ. ಸಸ್ಯಾಹಾರಿಗಳಾದ ಕುಟುಂಬಗಳು ಅಡುಗೆಮನೆ ಇರುವ ಘಟಕವನ್ನು ಆರಿಸಿಕೊಂಡರೆ ಖರ್ಚೂ ಉಳಿಯುತ್ತದೆ, ನೆಮ್ಮದಿಯೂ ಇರುತ್ತದೆ. ನಾವು ಒಂದು ಕುಕ್ಕರ್, ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ ಒಯ್ದಿದ್ದೆವು. ಹಾಲು, ಮೊಸರು, ಬ್ರೆಡ್ಡು ಯುಲಾರಾದ ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುತ್ತವೆ. ಎಲ್ಲವೂ ದೂರದಿಂದ ಲಾರಿಯಲ್ಲಿ ಬರಬೇಕಾದ್ದರಿಂದ ಬೆಲೆ ಹೆಚ್ಚು. ಹಸಿ ಹಣ್ಣು, ತರಕಾರಿಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಲು ಆಸ್ಟ್ರೇಲಿಯಾದಲ್ಲಿ ನಿರ್ಬಂಧಗಳಿರುವುದರಿಂದ ಅವನ್ನು ಮನೆಯಿಂದ ಒಯ್ಯದಿರುವುದೇ ಒಳ್ಳೆಯದು.

ಕಾರಿನ ವಿಚಾರ. ಯುಲಾರಾದಿಂದ ಉದ್ಯಾನದೊಳಕ್ಕೆ ಹಣ ಕೊಟ್ಟು ಹತ್ತುವ ಬಸ್ಸುಗಳು ಇವೆ. ಒಬ್ಬರೋ ಇಬ್ಬರೋ ಆದರೆ ಅವು ಸಾಕು. ಮೂರು ಜನಕ್ಕಿಂತ ಹೆಚ್ಚಿದ್ದರೆ ಬಾಡಿಗೆ ಕಾರೇ ಅನುಕೂಲ. ಸಾಮಾನ್ಯ ಚಿಕ್ಕ ಕಾರು ಧಾರಾಳವಾಗಿ ಸಾಕು, ಏಕೆಂದರೆ ನೀವು ಓಡಾಡುವ ರಸ್ತೆಗಳೆಲ್ಲ ಡಾಂಬರಿನವು. ಸಹಿ ಹಾಕುವ ಮುನ್ನ ಒಪ್ಪಂದದಲ್ಲಿ ಎರಡು ಅಂಶಗಳನ್ನು ಓದಿಕೊಳ್ಳಿ. ಈ ದೂರದ ಪ್ರದೇಶದಲ್ಲಿ ದಿನಕ್ಕೆ ಇಷ್ಟೇ ಕಿಲೋಮೀಟರ್ ಉಚಿತ ಎಂಬ ಮಿತಿ ಇರುವುದುಂಟು. ಯುಲಾರಾದಿಂದ ಕಾಟಾ ಜುಟಾಕ್ಕೆ ಹೋಗಿ ಬಂದರೆ ಅದೇ ಸುಮಾರು 100 ಕಿಲೋಮೀಟರ್ ಆಗುತ್ತದೆ. ಮತ್ತೊಂದು, ಕತ್ತಲಾದ ಮೇಲೆ ಊರಿನ ಹೊರಗೆ ಓಡಿಸಿದಾಗ ಅಪಘಾತವಾದರೆ ವಿಮೆ ಅನ್ವಯಿಸುವುದಿಲ್ಲ ಎಂಬ ಷರತ್ತು. ಕಾಂಗರೂಗಳೂ ಕಾಡು ಒಂಟೆಗಳೂ ಮುಸ್ಸಂಜೆಯಲ್ಲಿ ರಸ್ತೆ ದಾಟುವ ಸೀಮೆಯಲ್ಲಿ ಈ ಷರತ್ತಿಗೆ ಅರ್ಥವಿದೆ. ನಿಮ್ಮ ಒಪ್ಪಂದದಲ್ಲಿ ಅದು ಇದ್ದರೆ ಸೂರ್ಯಾಸ್ತಕ್ಕೆ ಬಸ್ಸಿನಲ್ಲಿ ಹೋಗಿ ಬನ್ನಿ.

ಮೂರನೆಯ ಹೆಜ್ಜೆ: ಉದ್ಯಾನದ ಟಿಕೆಟ್ ಮತ್ತು ಚೀಲ

ಉಲುರು ಕಾಟಾ ಜುಟಾ ರಾಷ್ಟ್ರೀಯ ಉದ್ಯಾನದ ಮೂರು ದಿನದ ಪ್ರವೇಶಕ್ಕೆ ನಾವು ಹೋದಾಗ ದೊಡ್ಡವರಿಗೆ 38 ಡಾಲರ್ ಇತ್ತು, ಮಕ್ಕಳಿಗೆ ಉಚಿತ. ಉದ್ಯಾನದ ಜಾಲತಾಣದಲ್ಲಿ ಈಗಿನ ದರ ನೋಡಿಕೊಂಡು ಅಲ್ಲೇ ಖರೀದಿಸಿ ಫೋನಿನಲ್ಲಿ ಇಟ್ಟುಕೊಂಡರೆ ನಸುಕಿನಲ್ಲಿ ಪ್ರವೇಶದ್ವಾರದ ಸಾಲಿನಲ್ಲಿ ಕಾಯುವುದು ತಪ್ಪುತ್ತದೆ. ಜೂನ್ ತಿಂಗಳಲ್ಲಿ ದ್ವಾರ ತೆರೆಯುವುದು ಬೆಳಗ್ಗೆ 6.30ಕ್ಕೆ, ಮುಚ್ಚುವುದು ಸಂಜೆ 7.30ಕ್ಕೆ, ಬೇಸಿಗೆಯಲ್ಲಿ ಬೆಳಗ್ಗೆ 5ಕ್ಕೇ ತೆರೆಯುತ್ತಾರೆ.

ಚೀಲದಲ್ಲಿ ಇರಬೇಕಾದವು ಇವು: ಪದರ ಪದರವಾಗಿ ತೊಟ್ಟು ಕಳಚಬಹುದಾದ ಬಟ್ಟೆ, ಉಣ್ಣೆಯ ಟೋಪಿ ಮತ್ತು ಕೈಗವಸು, ಹಗಲಿಗೆ ಅಂಚು ಅಗಲವಾದ ಟೋಪಿ, ಸನ್‌ಸ್ಕ್ರೀನ್, ಈಗಾಗಲೇ ಹಾಕಿ ಪಳಗಿಸಿದ ಬೂಟು, ಒಬ್ಬೊಬ್ಬರಿಗೂ ಎರಡು ಮೂರು ಲೀಟರ್ ಹಿಡಿಯುವ ನೀರಿನ ಬಾಟಲಿಗಳು. ಬಿಸಿ ತಿಂಗಳುಗಳಾದರೆ ಮುಖಕ್ಕೆ ಕಟ್ಟಿಕೊಳ್ಳುವ ನೊಣದ ಬಲೆಯನ್ನು ನಗೆಪಾಟಲು ಎಂದುಕೊಳ್ಳದೆ ಕೊಂಡುಕೊಳ್ಳಿ. ಅಲ್ಲಿನ ನೊಣ ಕಚ್ಚುವುದಿಲ್ಲ, ಕಣ್ಣಿನ ಕೊನೆಯ ತೇವಕ್ಕೆ, ಮೂಗಿನ ಹೊಳ್ಳೆಗೆ ಬಂದು ಕೂರುತ್ತದೆ, ಓಡಿಸಿದಷ್ಟೂ ಮರಳಿ ಬರುತ್ತದೆ. ಬಿಳಿಯ ಬಟ್ಟೆ ಬೇಡ. ಅಲ್ಲಿನ ಮಣ್ಣಿನ ಕಾವಿ ಬಣ್ಣ ಒಂದೆರಡು ಒಗೆತಕ್ಕೆ ಹೋಗುವಂಥದ್ದಲ್ಲ.

ವಯಸ್ಸಾದವರ ಔಷಧಿಗಳನ್ನು ಎರಡು ದಿನಕ್ಕೆ ಹೆಚ್ಚಾಗುವಷ್ಟು ಇಟ್ಟುಕೊಳ್ಳಿ. ಯುಲಾರಾದಲ್ಲಿ ಕ್ಲಿನಿಕ್ ಇದೆ, ಆದರೆ ದೊಡ್ಡ ಆಸ್ಪತ್ರೆ ಇರುವುದು ಆಲಿಸ್ ಸ್ಪ್ರಿಂಗ್ಸ್‌ನಲ್ಲಿ. ಭೇಟಿ ವೀಸಾದಲ್ಲಿ ಬಂದಿರುವ ತಂದೆತಾಯಿಯರಾದರೆ ಅವರ ಪ್ರವಾಸ ವಿಮೆಯ ಪ್ರತಿಯೂ ಕೈಯಲ್ಲಿರಲಿ. ಉದ್ಯಾನದೊಳಗೆ ಫೋನಿನ ಸಿಗ್ನಲ್ಲನ್ನು ನೆಚ್ಚಿಕೊಳ್ಳುವಂತಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಗಡಿಯಾರವನ್ನೂ ಸರಿಪಡಿಸಿಕೊಳ್ಳಬೇಕು: ಜೂನ್‌ನಲ್ಲಿ ಅಲ್ಲಿಯ ಸಮಯ ಸಿಡ್ನಿಗಿಂತ ಅರ್ಧ ಗಂಟೆ ಹಿಂದೆ, ಭಾರತಕ್ಕಿಂತ ನಾಲ್ಕು ಗಂಟೆ ಮುಂದೆ.

ನಾಲ್ಕನೆಯ ಹೆಜ್ಜೆ: ಬಂಡೆಯ ಮನೆಯವರನ್ನು ಅರಿತುಕೊಳ್ಳುವುದು

ಇದನ್ನು ಕೊಠಡಿ ಕಾಯ್ದಿರಿಸುವಷ್ಟೇ ಮುಖ್ಯವಾದ ಸಿದ್ಧತೆ ಎಂದು ನಾನು ಎಣಿಸುತ್ತೇನೆ. ಮಧುಗಿರಿಯನ್ನೋ ಸಾವನದುರ್ಗವನ್ನೋ ಹತ್ತಿ ಬೆಳೆದ ನಮಗೆ ದೊಡ್ಡ ಬಂಡೆ ಕಂಡೊಡನೆ ಕಾಲು ತುರಿಸುತ್ತದೆ. ಉಲುರುವನ್ನು ಹತ್ತುವುದು 2019ರ ಅಕ್ಟೋಬರ್ 26ರಿಂದ ನಿಷಿದ್ಧ. ಅನಂಗು ಜನರಿಗೆ ಈ ಭೂಮಿಯ ಒಡೆತನವನ್ನು ಸರ್ಕಾರ ಮರಳಿಸಿದ್ದು 1985ರ ಅದೇ ಅಕ್ಟೋಬರ್ 26ರಂದು. ಅವರು ಅದನ್ನು 99 ವರ್ಷಗಳ ಗುತ್ತಿಗೆಗೆ ರಾಷ್ಟ್ರೀಯ ಉದ್ಯಾನವಾಗಿ ನಡೆಸಲು ಕೊಟ್ಟಿದ್ದಾರೆ. ಹತ್ತಬೇಡಿ ಎಂದು ಅವರು ಎಷ್ಟೋ ವರ್ಷ ಬರೀ ವಿನಂತಿಸುತ್ತಲೇ ಬಂದಿದ್ದರು. ಹತ್ತುವ ಹಾದಿ ಅವರ ಪೂರ್ವಜರ ಪವಿತ್ರ ಹಾದಿ ಎಂಬುದು ಒಂದು ಕಾರಣವಾದರೆ, ತಮ್ಮ ನೆಲಕ್ಕೆ ಬಂದ ಅತಿಥಿ ಬಿದ್ದು ಸತ್ತರೆ ಆ ನೋವು ಮನೆಯವರಾದ ತಮ್ಮದು ಎಂಬುದು ಇನ್ನೊಂದು. ಮೂವತ್ತಕ್ಕೂ ಹೆಚ್ಚು ಜನ ಅಲ್ಲಿ ಸತ್ತಿದ್ದಾರೆ. ಸಾವಿರಾರು ಬೂಟುಗಳು ಸವೆಸಿದ ಬಿಳಿಚಿದ ಗೆರೆ ಈಗಲೂ ಬಂಡೆಯ ಪಶ್ಚಿಮದ ಏಣಿನಲ್ಲಿ ಕಾಣುತ್ತದೆ.

ಅನಂಗು ಜನರ ಲೋಕದೃಷ್ಟಿಗೆ ಜುಕುರ್ಪ ಎಂದು ಹೆಸರು. ನಮ್ಮ ಸ್ಥಳಪುರಾಣದ ಹಾಗೆ ಬಂಡೆಯ ಒಂದೊಂದು ಬಿರುಕಿಗೂ ಕಥೆಯಿದೆ, ಆದರೆ ಅದು ಕಥೆಯಷ್ಟೇ ಆಗಿರದೆ ಕಾನೂನೂ ಧರ್ಮವೂ ಆಗಿದೆ, ಮತ್ತು ಎಲ್ಲ ಕಥೆಯೂ ಎಲ್ಲರಿಗೂ ಅಲ್ಲ. ಫೋಟೋ ತೆಗೆಯಬಾರದ ಜಾಗಗಳಿಗೆ ಫಲಕ ಹಾಕಿರುತ್ತಾರೆ. ಅಲ್ಲಿ ಕ್ಯಾಮೆರಾ ಕೆಳಗಿಳಿಸಿ. ಡ್ರೋನ್ ಹಾರಿಸುವಂತಿಲ್ಲ. ನೆನಪಿಗೆಂದು ಒಂದು ಹರಳು ಕಲ್ಲನ್ನೂ ಎತ್ತಿಕೊಳ್ಳಬೇಡಿ. ಎತ್ತಿಕೊಂಡು ಹೋದವರಲ್ಲಿ ಎಷ್ಟೋ ಮಂದಿ ವರ್ಷಗಳ ನಂತರ ಕ್ಷಮೆಯ ಪತ್ರದೊಡನೆ ಅದನ್ನು ಅಂಚೆಯಲ್ಲಿ ಹಿಂದಿರುಗಿಸಿದ್ದಾರೆ. ಉದ್ಯಾನದವರು ಅವನ್ನು ‘ಸಾರಿ ರಾಕ್ಸ್’ ಎಂದೇ ಕರೆಯುತ್ತಾರೆ.

ಇಲ್ಲಿನ ಪಿಜಂಜಾರ ಭಾಷೆಯ ಒಂದು ಪದ ಕನ್ನಡಿಗರಿಗೆ ಕಲಿಯದೆಯೇ ಬರುತ್ತದೆ. ‘ಪಲ್ಯ’ ಎಂದರೆ ಒಳ್ಳೆಯದು, ಸರಿ, ನಮಸ್ಕಾರ, ಹೋಗಿ ಬನ್ನಿ, ಎಲ್ಲವೂ. ಫಲಕದಲ್ಲಿ ಆ ಪದ ಓದಿ ಹೇಳಿದಾಗ ನಮ್ಮಮ್ಮ, “ಯಾವ ಪಲ್ಯವಂತೆ?” ಎಂದು ಕೇಳಿದ್ದು ಮೂರು ದಿನವೂ ಕಾರಿನಲ್ಲಿ ನಗೆಯ ಸರಕಾಗಿತ್ತು.

ಶನಿವಾರ: ಇಳಿದ ದಿನದ ಸಂಜೆ

ವಿಮಾನ ನಿಲ್ದಾಣದಿಂದ ಯುಲಾರಾ ಹತ್ತು ನಿಮಿಷದ ದಾರಿ. ಕೊಠಡಿಗೆ ಸೇರಿ, ಊಟ ಮುಗಿಸಿ, ಉದ್ಯಾನದೊಳಗಿನ ಸಾಂಸ್ಕೃತಿಕ ಕೇಂದ್ರಕ್ಕೆ ಮೊದಲು ಹೋಗಿ. ಬಂಡೆಯ ಬುಡದಲ್ಲಿ ರೇಂಜರುಗಳು ನಡೆಸುವ ‘ಮಾಲಾ’ ಎಂಬ ಉಚಿತ ನಡಿಗೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಅಲ್ಲೇ ವಿಚಾರಿಸಿಕೊಳ್ಳಬಹುದು. ಒಳಗೆ ಫೋಟೋ ನಿಷಿದ್ಧವಾದ್ದರಿಂದ ನೋಡುವುದಕ್ಕೂ ಓದುವುದಕ್ಕೂ ಸಮಯ ತಾನಾಗಿ ಒದಗುತ್ತದೆ.

ಸೂರ್ಯಾಸ್ತಕ್ಕೆ ಮುಕ್ಕಾಲು ಗಂಟೆ ಮೊದಲೇ ಕಾರುಗಳಿಗೆ ಮೀಸಲಾದ ವೀಕ್ಷಣಾ ಸ್ಥಳವನ್ನು ತಲುಪಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ಆರು ಗಂಟೆಯ ಸುಮಾರಿಗೆ. ಬಂಡೆಯ ಕಲ್ಲು ಫೆಲ್ಡ್‌ಸ್ಪಾರ್ ಎಂಬ ಖನಿಜ ಹೆಚ್ಚಿರುವ ಒಂದು ಬಗೆಯ ಮರಳುಗಲ್ಲು, ಅದರ ಅಸಲಿ ಬಣ್ಣ ಬೂದು. ಅದರಲ್ಲಿರುವ ಕಬ್ಬಿಣದ ಅಂಶ ಗಾಳಿ ಮತ್ತು ನೀರಿನಿಂದ ತುಕ್ಕು ಹಿಡಿದು ಮೇಲ್ಮೈ ಕೆಂಪಾಗಿದೆ. ಓರೆಯಾಗಿ ಬೀಳುವ ಸಂಜೆಯ ಬೆಳಕಿಗೆ ಆ ಕೆಂಪು ಮೊದಲು ಇಟ್ಟಿಗೆಯಂತೆ, ಆಮೇಲೆ ಕೆಂಡದಂತೆ ಆಗಿ, ಬುಡದಿಂದ ನೆರಳು ಏರುತ್ತ ಹೋದಂತೆ ಒಣಗಿದ ನೇರಳೆಯ ಬಣ್ಣಕ್ಕೆ ತಿರುಗುತ್ತದೆ. ಸೂರ್ಯ ಮುಳುಗಿದೊಡನೆ ಅರ್ಧ ಜನ ಕಾರು ಹತ್ತಿ ಹೊರಟುಬಿಡುತ್ತಾರೆ. ನೀವು ಇನ್ನೂ ಹದಿನೈದು ನಿಮಿಷ ನಿಲ್ಲಿ. ಪೂರ್ವದ ಆಕಾಶದಲ್ಲಿ ಬಂಡೆಯ ಹಿಂದೆ ಗುಲಾಬಿ ಪಟ್ಟಿಯೊಂದು, ಅದರ ಕೆಳಗೆ ನೀಲಿಯ ಭೂನೆರಳು ಏಳುವುದು ಆಗಲೇ.

ಭಾನುವಾರ: ಪ್ರದಕ್ಷಿಣೆ

ಈ ದಿನಕ್ಕಾಗಿಯೇ ಉಳಿದೆಲ್ಲ ಸಿದ್ಧತೆ. ಸೂರ್ಯೋದಯ ಏಳೂವರೆಯ ಹೊತ್ತಿಗೆ ಇರುವುದರಿಂದ ದ್ವಾರ ತೆರೆದ ಕೂಡಲೆ ಒಳಹೊಕ್ಕು ತಲಿಂಗುರು ನ್ಯಾಕುಂಜಾಕು ಎಂಬ ಸ್ಥಳಕ್ಕೆ ಹೋಗಿ. ಹೆಸರಿನ ಅರ್ಥವೇ ಮರಳುದಿಬ್ಬದಿಂದ ನೋಡುವುದು ಎಂದು. ಉಲುರು, ಅದರಾಚೆ ಕಾಟಾ ಜುಟಾ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಫ್ಲಾಸ್ಕಿನಲ್ಲಿ ಕಾಫಿ ಇರಲಿ.

ಅಲ್ಲಿಂದ ನೇರವಾಗಿ ಮಾಲಾ ವಾಹನ ನಿಲುಗಡೆಗೆ ಬಂದು ಬುಡದ ಸುತ್ತಿನ ನಡಿಗೆಯನ್ನು ಆರಂಭಿಸಿ. ಪೂರ್ತಿ ಸುತ್ತು 10.6 ಕಿಲೋಮೀಟರ್, ಮೂರೂವರೆಯಿಂದ ನಾಲ್ಕು ಗಂಟೆ ಬೇಕು, ದಾರಿ ಸಮತಟ್ಟಾಗಿದೆ. ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ನಡೆಯಿರಿ ಎಂದು ಉದ್ಯಾನದವರೇ ಸೂಚಿಸುತ್ತಾರೆ. ಬಲಕ್ಕೆ ಬಂಡೆಯನ್ನಿಟ್ಟುಕೊಂಡು ಸುತ್ತುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಮ್ಮ ಎರಡು ಹೆಜ್ಜೆ ಇಡುವಷ್ಟರಲ್ಲಿ ಸೆರಗು ಹೊದ್ದು ಕೈಮುಗಿದಿದ್ದರು.

ದೂರದಿಂದ ನುಣುಪಾಗಿ ಕಂಡ ಬಂಡೆ ಹತ್ತಿರ ಹೋದಾಗ ಬೇರೆಯೇ. ಮೇಲ್ಮೈ ಚಕ್ಕೆ ಚಕ್ಕೆಯಾಗಿ, ಮೀನಿನ ಹುರುಪೆಯಂತೆ ಎದ್ದಿದೆ. ಮಳೆ ಬಂದಾಗ ನೀರು ಧುಮುಕುವ ಜಾಗಗಳಲ್ಲಿ ಕಪ್ಪು ಪಟ್ಟಿಗಳು ಇಳಿದಿವೆ. ಪದರಗಳು ಅಡ್ಡಡ್ಡ ಇರದೆ ಹೆಚ್ಚೂಕಡಿಮೆ ಲಂಬವಾಗಿ ನಿಂತಿವೆ, ಏಕೆಂದರೆ ಕೋಟ್ಯಂತರ ವರ್ಷಗಳ ಹಿಂದೆ ಒಂದರ ಮೇಲೊಂದು ಕೂತ ಮರಳಿನ ಹಾಸುಗಳನ್ನು ಭೂಮಿಯ ಒಳಗಿನ ಒತ್ತಡ ಮಗ್ಗುಲಿಗೆ ತಿರುಗಿಸಿ ನಿಲ್ಲಿಸಿದೆ. ಕಣ್ಣಿಗೆ ಕಾಣುವುದು ಆ ಹಾಸಿನ ಮೇಲ್ತುದಿ ಮಾತ್ರ. ಹೆಚ್ಚಿನ ಭಾಗ ನೆಲದೊಳಗಿದೆ.

ಪೂರ್ತಿ ಸುತ್ತಲಾಗದವರಿಗೆ ಎರಡು ಚಿಕ್ಕ ನಡಿಗೆಗಳಿವೆ, ಎರಡೂ ಗಾಲಿಕುರ್ಚಿ ಹೋಗುವಂಥವು. ಮಾಲಾ ನಡಿಗೆ ಹೋಗಿ ಬರಲು 2 ಕಿಲೋಮೀಟರ್. ಅಡುಗೆ ಮಾಡುತ್ತಿದ್ದ, ಮಕ್ಕಳಿಗೆ ಪಾಠ ಹೇಳುತ್ತಿದ್ದ ಗವಿಗಳನ್ನೂ ಅವುಗಳ ಗೋಡೆಯ ಚಿತ್ರಗಳನ್ನೂ ಹಾದು ಕಾಂಜು ಕಣಿವೆಯಲ್ಲಿ ಮುಗಿಯುತ್ತದೆ. ಕುನಿಯ ನಡಿಗೆ 1 ಕಿಲೋಮೀಟರ್. ಮುಟಿಜುಲು ಎಂಬ ನೀರಿನ ಹೊಂಡಕ್ಕೆ ಕರೆದೊಯ್ಯುತ್ತದೆ. ಕುನಿಯ ಎಂಬ ಹೆಬ್ಬಾವಿನ ಹೆಂಗಸು ತನ್ನ ಸೋದರಳಿಯನ ಸಾವಿಗೆ ಲಿರು ಎಂಬ ವಿಷಸರ್ಪದ ಮೇಲೆ ಸೇಡು ತೀರಿಸಿಕೊಂಡ ಕಥೆಯನ್ನು ಅನಂಗು ಜನರು ಎಲ್ಲರಿಗೂ ಹಂಚಿಕೊಂಡಿದ್ದಾರೆ. ಅವಳ ಏಟಿನ ಗುರುತು, ಅವಳು ಹರಿದುಹೋದ ಅಂಕುಡೊಂಕಿನ ಗೆರೆ ಅಲ್ಲಿ ಬಂಡೆಯ ಮೈಮೇಲೆ ಕಾಣುತ್ತವೆ. ಅಮ್ಮ ಪ್ರದಕ್ಷಿಣೆಯ ಆಸೆಯಿದ್ದರೂ ಮೊಣಕಾಲು ನೋವಿನಿಂದ ಮಾಲಾ ನಡಿಗೆ ಮುಗಿಸಿ ಕಾರಿನಲ್ಲಿ ಕುನಿಯದ ಕಡೆಗೆ ಬಂದು ನಮಗಾಗಿ ಕಾಯುತ್ತಿದ್ದರು. ಕುಟುಂಬದಲ್ಲಿ ಒಬ್ಬರು ಕಾರು ಓಡಿಸಲು ಉಳಿದುಕೊಂಡರೆ ಹೀಗೆ ಹಂಚಿಕೊಳ್ಳುವುದು ಸುಲಭ. ಮುಟಿಜುಲು ಹೆಸರಿನ ಊರು ಮಾತ್ರ ಅನಂಗು ಜನರ ವಸತಿ. ಅಲ್ಲಿಗೆ ಅನುಮತಿಯಿಲ್ಲದೆ ಹೋಗುವಂತಿಲ್ಲ.

ಬಿಸಿ ತಿಂಗಳಾದರೆ ಈ ನಡಿಗೆಯನ್ನು ಬೆಳಗಿನ 11ರೊಳಗೆ ಮುಗಿಸಲೇಬೇಕು. ಗಂಟೆಗೆ ಒಂದು ಲೀಟರ್‌ನಂತೆ ನೀರು ಕುಡಿಯಬೇಕು. ಮಧ್ಯಾಹ್ನ ನಿದ್ದೆ ಮಾಡಿ. ರಾತ್ರಿಗೆ ‘ಫೀಲ್ಡ್ ಆಫ್ ಲೈಟ್’ ಎಂಬ ಪ್ರದರ್ಶನ ಇದೆ: ಬ್ರೂಸ್ ಮನ್ರೋ ಎಂಬ ಬ್ರಿಟಿಷ್ ಕಲಾವಿದ 2016ರಲ್ಲಿ ಮರಳಿನಲ್ಲಿ ನೆಟ್ಟ 50,000 ದೀಪಗಳು. ದುಬಾರಿ, ಮೊದಲೇ ಕಾಯ್ದಿರಿಸಬೇಕು. ಯುಲಾರಾದ ಆಚೆ ಕತ್ತಲಲ್ಲಿ ನಿಂತು ಕಾಸಿಲ್ಲದೆ ಹಾಲುಹಾದಿ ನೋಡುವುದು ನನಗೆ ಅದಕ್ಕಿಂತ ಹಿಡಿಸಿತು, ಮಕ್ಕಳಿಗೆ ದೀಪಗಳೇ ಹಿಡಿಸಿದವು.

ಸೋಮವಾರ: ಕಾಟಾ ಜುಟಾ, ಮತ್ತು ಮರಳುವ ಲೆಕ್ಕ

ಕಾಟಾ ಜುಟಾ ಎಂದರೆ ಹಲವು ತಲೆಗಳು. ಒಟ್ಟು 36 ಗುಮ್ಮಟಗಳು. ಅತಿ ಎತ್ತರದ್ದು ಬಯಲಿನಿಂದ 546 ಮೀಟರ್, ಅಂದರೆ ಉಲುರುವಿಗಿಂತ ಸುಮಾರು 200 ಮೀಟರ್ ಹೆಚ್ಚು. ಇಲ್ಲಿನ ಗಾಳಿ ಕಣಿವೆಯ ನಡಿಗೆ ಪೂರ್ತಿ ಸುತ್ತಿದರೆ 7.4 ಕಿಲೋಮೀಟರ್, ಕಲ್ಲುಮುಳ್ಳಿನ ಏರಿಳಿತದ ದಾರಿ, ನಾಲ್ಕು ಗಂಟೆ ಬೇಕು. 36 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಮುನ್ಸೂಚನೆ ಇರುವ ದಿನ ಮೊದಲ ವೀಕ್ಷಣಾ ಸ್ಥಳದಿಂದ ಮುಂದಿನ ದಾರಿಯನ್ನು 11 ಗಂಟೆಗೆ ಮುಚ್ಚುತ್ತಾರೆ. ಜನವರಿಯ ಪ್ರವಾಸದಲ್ಲಿ ನಾವು ಉಪ್ಪಿಟ್ಟು ಮಾಡಿಕೊಂಡು, ಎರಡನೆಯ ಸಲ ಕಾಫಿ ಕುಡಿದು ಹೊರಟು, ಹನ್ನೊಂದೂಕಾಲಿಗೆ ಮುಚ್ಚಿದ ಗೇಟಿನ ಎದುರು ನಿಂತಿದ್ದೆವು. ಬೈಯಲು ನಮ್ಮನ್ನು ಬಿಟ್ಟು ಯಾರೂ ಇರಲಿಲ್ಲ.

ಹಾಗಾಗಿ ಸೋಮವಾರದ ಲೆಕ್ಕ ಹೀಗಿರಲಿ. ಸಾಮಾನು ಕಟ್ಟಿ, ಕೊಠಡಿಯ ಲೆಕ್ಕ ಚುಕ್ತಾ ಮಾಡುವುದನ್ನು ಭಾನುವಾರ ರಾತ್ರಿಯೇ ಮುಗಿಸಿಕೊಳ್ಳಿ. ಸೂರ್ಯೋದಯವನ್ನು ಕಾಟಾ ಜುಟಾದ ದಿಬ್ಬದ ವೀಕ್ಷಣಾ ಸ್ಥಳದಿಂದ ನೋಡಿ. ಮರದ ಹಲಗೆಯ ದಾರಿ ಇರುವುದರಿಂದ ಹಿರಿಯರಿಗೂ ಕಷ್ಟವಿಲ್ಲ. ವಿಮಾನ ಮಧ್ಯಾಹ್ನವೇ ಇದ್ದರೆ 2.6 ಕಿಲೋಮೀಟರ್‌ನ ವಾಲ್ಪಾ ಕಮರಿ, ಅಥವಾ ಗಾಳಿ ಕಣಿವೆಯಲ್ಲಿ ಹೋಗಿ ಬರಲು 2.2 ಕಿಲೋಮೀಟರ್‌ನ, ‘ಕಾರು’ (Karu) ಎಂಬ ಹೆಸರಿನ ಮೊದಲ ವೀಕ್ಷಣಾ ಸ್ಥಳದವರೆಗೆ, ಇವೆರಡರಲ್ಲಿ ಒಂದನ್ನು ಆರಿಸಿ ಹತ್ತೂವರೆಗೆ ಹಿಂದಿರುಗಿ. ಪೂರ್ತಿ ಸುತ್ತು ಬೇಕೆಂದರೆ ಮಂಗಳವಾರಕ್ಕೂ ರಜೆ ಹಾಕಬೇಕು, ಮತ್ತು ಹಾಕಿದ ರಜೆ ನಷ್ಟವೆನಿಸುವುದಿಲ್ಲ. ಕಿಂಗ್ಸ್ ಕಣಿವೆ ಯುಲಾರಾದಿಂದ ಸುಮಾರು 300 ಕಿಲೋಮೀಟರ್. ಅದನ್ನು ಈ ಪ್ರವಾಸದಲ್ಲಿ ಮರೆತುಬಿಡಿ.

ಕಾರಿಗೆ ಪೆಟ್ರೋಲ್ ತುಂಬಿಸುವುದನ್ನು ಕೊನೆಯ ಅರ್ಧ ಗಂಟೆಗೆ ಇಟ್ಟುಕೊಳ್ಳಬೇಡಿ. ಯುಲಾರಾದಲ್ಲಿ ಇರುವುದು ಒಂದೇ ಬಂಕು. ಉದ್ದ ವಾರಾಂತ್ಯದ ಸೋಮವಾರ, ಒಂದೇ ವಿಮಾನಕ್ಕೆ ಹೊರಟ ಎಲ್ಲ ಬಾಡಿಗೆ ಕಾರುಗಳೂ ಅಲ್ಲೇ ಸಾಲು ನಿಂತಿರುತ್ತವೆ.